ಎಡತಿರುಪಿನ ಕಾವಲು

ಇಳಿಜಾರಿನಲ್ಲಿ ಸೈಕಲ್ ಸವಾರರು ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಾರೆ. ಆದರೂ ಚಕ್ರ ಉರುಳುತ್ತದೆ, ಹಿಂದಿನಿಂದ 'ಟಿಕ್ ಟಿಕ್' ಸದ್ದು ಕೇಳಿಸುತ್ತದೆ. ಇದು ಫ್ರೀವೀಲ್‌ನ ಕೆಲಸ. ಪೆಡಲಿನ ಮುಮ್ಮುಖ ಬಲವನ್ನು ಮಾತ್ರ ಅದು ಹಿಂಚಕ್ರಕ್ಕೆ ದಾಟಿಸುತ್ತದೆ.

ಫ್ರೀವೀಲ್ ಬದಲು ಒಂದೇ ಹಲ್ಲುಚಕ್ರವನ್ನು ಹಬ್‌ಗೆ ನೇರವಾಗಿ ಬಿಗಿದರೆ ಅದು 'ಫಿಕ್ಸೆಡ್ ಗೇರ್'. ಇಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಪೆಡಲನ್ನು ಹಿಂದಕ್ಕೆ ಒತ್ತಿ ವೇಗವನ್ನೂ ತಗ್ಗಿಸಬಹುದು. ವೆಲೋಡ್ರೋಮ್ ಸ್ಪರ್ಧೆಗಳ ಸೈಕಲ್‌ಗಳು ಇಂಥವೇ.

ಹಳೆಯ ಗೇರ್ ಸೈಕಲನ್ನು ಹೀಗೆ ಮಾರ್ಪಡಿಸುವ ಹವ್ಯಾಸಿಗಳಿದ್ದಾರೆ. ಫ್ರೀವೀಲ್ ಕಳಚಿದರೆ ಹಬ್‌ನ ಮೇಲೆ ಸುಮಾರು 1.37 ಅಂಗುಲ ವ್ಯಾಸದ, ಅಂಗುಲಕ್ಕೆ 24 ಸುತ್ತುಗಳ ತಿರುಪು ಕಾಣುತ್ತದೆ. ಸ್ಥಿರ ಹಲ್ಲುಚಕ್ರವೂ ಅದರ ಮೇಲೆ ಸಲೀಸಾಗಿ ಕೂರುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ.

ಇದು ಬಲತಿರುಪು. ಸೈಕಲ್ಲಿನ ಬಲಬದಿಯಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಮುಂದಕ್ಕೆ ತುಳಿದಾಗ ಸರಪಳಿ ಹಲ್ಲುಚಕ್ರವನ್ನು ಎಳೆಯುವುದೂ ಅದೇ ದಿಕ್ಕಿಗೆ. ಫ್ರೀವೀಲ್ ಹಿಮ್ಮುಖ ಬಲವನ್ನು ದಾಟಿಸುವುದಿಲ್ಲವಾದ್ದರಿಂದ ಬೇರೆ ಬೀಗ ಬೇಕಿಲ್ಲ. ಸ್ಥಿರ ಹಲ್ಲುಚಕ್ರದಲ್ಲಿ ಹಾಗಲ್ಲ. 17 ಸೆಂ.ಮೀ. ಉದ್ದದ ಕ್ರ್ಯಾಂಕಿನ ತುದಿಯಲ್ಲಿ 300 ನ್ಯೂಟನ್ ಬಲದಿಂದ ಹಿಂದಕ್ಕೆ ಒತ್ತಿದರೆ ತಿರುಗುಬಲ 51 ನ್ಯೂಟನ್-ಮೀಟರ್. ಮುಂದೆ 48, ಹಿಂದೆ 16 ಹಲ್ಲುಗಳಿದ್ದರೆ ಅದರ ಮೂರನೆಯ ಒಂದು ಭಾಗ, ಅಂದರೆ 17 ನ್ಯೂಟನ್-ಮೀಟರ್, ಹಲ್ಲುಚಕ್ರವನ್ನು ಬಿಚ್ಚುವ ದಿಕ್ಕಿನಲ್ಲಿ ವರ್ತಿಸುತ್ತದೆ. ತಿರುಪು ಸಡಿಲಗೊಂಡರೆ, ವೇಗ ತಗ್ಗಿಸಲೇಬೇಕಾದ ಕ್ಷಣದಲ್ಲೇ ಕಾಲಿಗೆ ಹಿಡಿತ ತಪ್ಪುತ್ತದೆ.

ಫಿಕ್ಸೆಡ್ ಗೇರ್‌ಗೆಂದೇ ತಯಾರಾದ ಹಬ್‌ನಲ್ಲಿ ಎರಡು ಮೆಟ್ಟಿಲುಗಳಿವೆ. ಒಳಗಿನದು ಬಲತಿರುಪು, ಹೊರಗಿನದು ಕಿರಿದಾದ ಎಡತಿರುಪು. ಎಡತಿರುಪಿನ ಮೇಲೆ ಲಾಕ್‌ರಿಂಗ್ ಕೂರುತ್ತದೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಲಾಕ್‌ರಿಂಗನ್ನೂ ಅದೇ ದಿಕ್ಕಿಗೆ ತಳ್ಳುತ್ತದೆ. ಆದರೆ ಆ ದಿಕ್ಕಿನಲ್ಲಿ ಎಡತಿರುಪು ಇನ್ನಷ್ಟು ಬಿಗಿಯಾಗುತ್ತದೆ! ಹಳೆಯ ಹಬ್‌ನಲ್ಲಿ ಈ ಎರಡನೆಯ ಮೆಟ್ಟಿಲಿಲ್ಲ. ಅಲ್ಲಿ ಬಲತಿರುಪಿನ ಲಾಕ್‌ರಿಂಗ್ ಹಾಕಿದರೆ ಎರಡೂ ಒಟ್ಟಿಗೇ ಸಡಿಲವಾಗಬಹುದು. ಅಂಟನ್ನೇ ನಂಬುವುದೂ ಕ್ಷೇಮವಲ್ಲ. ಸರಿಯಾದ ಹಬ್ ಇರುವ ಚಕ್ರವನ್ನೇ ಬಳಸುವುದು ಲೇಸು.

ಇನ್ನೂ ಎರಡು ಅಂಶಗಳನ್ನು ಗಮನಿಸಬೇಕು. ಗೇರ್ ಬದಲಿಸುವ ಸಾಧನ ತೆಗೆದ ಮೇಲೆ ಸರಪಳಿಯ ಸಡಿಲವನ್ನು ಎಳೆದುಕೊಳ್ಳುವ ಭಾಗ ಇರುವುದಿಲ್ಲ. ಆದ್ದರಿಂದ ಹಿಂದಿನ ಅಚ್ಚನ್ನು ಹಿಂದೆ-ಮುಂದೆ ಸರಿಸಲು ಚೌಕಟ್ಟಿನಲ್ಲಿ ಉದ್ದನೆಯ ಸೀಳು ಬೇಕು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ಸಾಲಿನಲ್ಲಿರಬೇಕು. ಇಲ್ಲವಾದರೆ ಸರಪಳಿ ಜಾರೀತು. ರಸ್ತೆಯಲ್ಲಿ ಓಡಿಸುವುದಾದರೆ ಮುಂಚಕ್ರದ ಬ್ರೇಕನ್ನು ತೆಗೆಯಲೇಬಾರದು. ವೇಗ ತಗ್ಗುವಾಗ ಭಾರ ಮುಂದಕ್ಕೆ ವಾಲಿ ಹಿಂಚಕ್ರದ ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಕಾಲಿನ ಬಲವೊಂದೇ ಸಾಲದು.

ಎಡತಿರುಪನ್ನು ಕಾಣಲು ವಿಶೇಷ ಹಬ್ ಬೇಕಾಗಿಲ್ಲ. ಸಾಮಾನ್ಯ ಸೈಕಲ್ಲಿನ ಎರಡೂ ಪೆಡಲ್‌ಗಳನ್ನು ಸ್ಪ್ಯಾನರ್‌ನಿಂದ ಬಿಚ್ಚಿ ನೋಡಿ. ಬಲಗಡೆಯದು ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ, ಎಡಗಡೆಯದು ಪ್ರದಕ್ಷಿಣವಾಗಿ. ಎರಡರ ತಿರುಪುಗಳನ್ನು ಅಕ್ಕಪಕ್ಕ ಹಿಡಿದರೆ, ಅವು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದು ವಿದ್ಯಾರ್ಥಿಗಳಿಗೆ ಕಣ್ಣಾರೆ ತಿಳಿಯುತ್ತದೆ.