ಸ್ತನದ ಗಂಟು: ಶಸ್ತ್ರಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಅನೇಕ ತಾಯಂದಿರು ಎದೆಯಲ್ಲಿ ಗಂಟು ಕಂಡರೆ ಮನೆಯವರೊಡನೆ ಹೇಳಿಕೊಳ್ಳಲೂ ನಾಚುತ್ತಾರೆ. ಧೈರ್ಯ ಮಾಡಿ ಬಳ್ಳಾರಿಗೋ ದಾವಣಗೆರೆಗೋ ಹೋಗಿ ಬಯಾಪ್ಸಿ ಮಾಡಿಸಿಕೊಂಡು ಬಂದ ಮೇಲೆ ಮತ್ತೊಂದು ಗೊಂದಲ ಎದುರಾಗುತ್ತದೆ. ವರದಿಯಲ್ಲಿ ‘ಕ್ಯಾನ್ಸರ್ ಇಲ್ಲ’ ಎಂದಿದ್ದರೂ ಒಬ್ಬರಿಗೆ ಗಂಟನ್ನು ತೆಗೆಸಬೇಕೆನ್ನುತ್ತಾರೆ; ಇನ್ನೊಬ್ಬರಿಗೆ ‘ಬೇಡ, ಆರು ತಿಂಗಳ ನಂತರ ಬನ್ನಿ’ ಎನ್ನುತ್ತಾರೆ. ಇಬ್ಬರಿಗೂ ದೊರೆತದ್ದು ಸರಿಯಾದ ಸಲಹೆಯೇ ಆಗಿರಬಹುದು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಭಯವನ್ನು ದೂರ ಮಾಡೋಣ. ಸೂಜಿ ತಗುಲಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿದೆ. ಇದಕ್ಕಾಗಿ ಯಾರೂ ಬಯಾಪ್ಸಿಗೆ ಹಿಂಜರಿಯಬೇಕಿಲ್ಲ. ಗಂಟಿನ ಸ್ವರೂಪವನ್ನು ತಿಳಿಯದೆ ಕತ್ತರಿಸುವುದು ಹೇಗೆ ತಪ್ಪೋ, ತಿಳಿಯದೆ ಲೇಪ ಹಚ್ಚುತ್ತ, ಬರೆ ಹಾಕಿಸುತ್ತ ಕಾಲ ಕಳೆಯುವುದೂ ಅಷ್ಟೇ ತಪ್ಪು.

ವೈದ್ಯರು ನಿರ್ಣಯಕ್ಕೆ ಬರುವುದು ಮೂರು ಆಧಾರಗಳಿಂದ: ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೊಗ್ರಫಿ ಅಥವಾ ಅಲ್ಟ್ರಾಸೌಂಡ್ ಚಿತ್ರ, ಬಯಾಪ್ಸಿ. ಈ ಮೂರೂ ಒಂದೇ ಮಾತು ಹೇಳಬೇಕು. ಚಿತ್ರದಲ್ಲಿ ಕ್ಯಾನ್ಸರಿನ ಲಕ್ಷಣಗಳಿದ್ದು ಬಯಾಪ್ಸಿಯಲ್ಲಿ ಮಾತ್ರ ಏನೂ ಇಲ್ಲವೆಂದು ಬಂದರೆ, ಸೂಜಿಯು ರೋಗವಿರುವ ಜಾಗವನ್ನು ತಲುಪದೆ ಹೋಗಿರಬಹುದು. ಆಗ ಬಯಾಪ್ಸಿಯನ್ನು ಮತ್ತೊಮ್ಮೆ ಮಾಡಿಸಬೇಕು ಅಥವಾ ಗಂಟನ್ನು ತೆಗೆದು ಪರೀಕ್ಷಿಸಬೇಕು. ‘ವರದಿ ಚೆನ್ನಾಗಿದೆಯಲ್ಲ’ ಎಂದು ಸುಮ್ಮನಾಗಬಾರದು.

ಸಾಮಾನ್ಯವಾಗಿ ತೆಗೆಸಬೇಕಿಲ್ಲದವು

ಯುವತಿಯರಲ್ಲಿ ಹೆಚ್ಚಾಗಿ ಕಾಣುವ, ಬೆರಳಿಗೆ ಜಾರುವ ಗಂಟು ಫೈಬ್ರೋಅಡಿನೋಮ. ಅದು ಸಣ್ಣದಾಗಿದ್ದು, ಬೆಳೆಯದಿದ್ದರೆ ಕತ್ತರಿಸುವ ಅಗತ್ಯವಿಲ್ಲ. ಸರಳ ನೀರುಗುಳ್ಳೆಗಳಿಗೂ ಹೀಗೆಯೇ. ಕೀವು ಅಥವಾ ಸ್ತನದ ಕ್ಷಯವಿದ್ದರೆ ಔಷಧಿಯೇ ಪ್ರಧಾನ. ಕೀವನ್ನು ಹೊರತೆಗೆಯಬೇಕಾಗಬಹುದು, ಸ್ತನವನ್ನಲ್ಲ.

ಸಾಮಾನ್ಯವಾಗಿ ತೆಗೆಸಬೇಕಾದವು

ಬೇಗ ಬೇಗ ದೊಡ್ಡದಾಗುವ ಗಂಟು ಫೈಬ್ರೋಅಡಿನೋಮದಂತೆ ತೋರಿದರೂ ಫಿಲ್ಲೋಡಿಸ್ ಎಂಬ ಬೇರೆ ಗಡ್ಡೆಯಾಗಿರಬಹುದು. ಸೂಜಿಯಿಂದ ತೆಗೆದ ತುಣುಕಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಕೆಲವೊಮ್ಮೆ ಕಷ್ಟ. ಆದ್ದರಿಂದ ಸಂಶಯವಿದ್ದರೆ ತೆಗೆಸುವುದೇ ಕ್ಷೇಮ.

ವರದಿಯಲ್ಲಿ ‘ಅಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ’ ಎಂದಿದ್ದರೆ ಹಾಲಿನ ನಾಳದ ಕಣಗಳು ದಾರಿ ತಪ್ಪತೊಡಗಿವೆ ಎಂದರ್ಥ. ಇದು ಕ್ಯಾನ್ಸರ್ ಅಲ್ಲ. ಆದರೆ ಇದಕ್ಕೂ ನಾಳದೊಳಗಿನ ಆರಂಭದ ಕ್ಯಾನ್ಸರಿಗೂ ಇರುವ ಅಂತರ ಬಹುಮಟ್ಟಿಗೆ ವಿಸ್ತಾರದ್ದು. ಕೋರ್ ಬಯಾಪ್ಸಿ ತೆಗೆಯುವುದು ಸುಮಾರು 2 ಮಿ.ಮೀ. ದಪ್ಪದ ಕೆಲವು ಎಳೆಗಳನ್ನು ಮಾತ್ರ. ಪಕ್ಕದಲ್ಲಿ ಏನಿದೆಯೆಂದು ಅದು ಹೇಳಲಾರದು. ಆ ಭಾಗವನ್ನು ತೆಗೆದು ನೋಡಿದಾಗ ಹತ್ತು ಜನರಲ್ಲಿ ಒಬ್ಬರಿಂದ ಮೂವರವರೆಗೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯ ಸಲಹೆ. ತೆಗೆದ ಮೇಲೂ ಇಂಥವರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿರುವುದರಿಂದ ವರ್ಷವರ್ಷವೂ ತಪಾಸಣೆ ಬೇಕು.

ತೊಟ್ಟಿನಿಂದ ರಕ್ತ ಒಸರುವಂತೆ ಮಾಡುವ ಪ್ಯಾಪಿಲೋಮದಲ್ಲಿ ಇಂಥ ವಿಕೃತ ಕಣಗಳಿದ್ದರೆ ಅದನ್ನೂ ತೆಗೆಸಬೇಕು. ವಿಕೃತಿಯಿಲ್ಲದೆ ಸಣ್ಣದಾಗಿದ್ದರೆ ತಜ್ಞರು ಕಾದು ನೋಡಲು ಹೇಳಬಹುದು. ಕ್ಯಾನ್ಸರ್ ಎಂದೇ ಖಚಿತವಾದರೆ ಶಸ್ತ್ರಚಿಕಿತ್ಸೆ ಚಿಕಿತ್ಸೆಯ ಮುಖ್ಯ ಅಂಗ. ಕೆಲವರಿಗೆ ಮೊದಲು ಕಿಮೋಥೆರಪಿ ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದುಂಟು. ಎಲ್ಲರಿಗೂ ಪೂರ್ಣ ಸ್ತನವನ್ನು ತೆಗೆಯಬೇಕಾಗುವುದಿಲ್ಲ.

ಆಯುರ್ವೇದ ಶಸ್ತ್ರವನ್ನು ಒಪ್ಪದೆಂಬ ನಂಬಿಕೆಯಿಂದ ಕೆಲವರು ನಮ್ಮಂಥವರ ಬಳಿ ಬರುತ್ತಾರೆ. ಸುಶ್ರುತ ಸಂಹಿತೆಯು ಗ್ರಂಥಿಯನ್ನೂ ಅರ್ಬುದವನ್ನೂ ಬೇರೆ ಬೇರೆಯಾಗಿ ವರ್ಣಿಸಿದೆ. ಅರ್ಬುದವು ಶೇಷವುಳಿದರೆ ಮತ್ತೆ ಬೆಳೆಯುವುದೆಂದು ಎಚ್ಚರಿಸಿದೆ. ಪಥ್ಯ, ನಿದ್ರೆ, ಬಲವರ್ಧಕ ಆಹಾರಗಳ ವಿಷಯದಲ್ಲಿ ನಾವು ನೆರವಾಗಬಲ್ಲೆವು. ಆದರೆ ತೆಗೆಯಲೇಬೇಕಾದ ಗಂಟನ್ನು ಕಷಾಯದಿಂದ ಕರಗಿಸುವೆನೆಂದು ಯಾರಾದರೂ ಭರವಸೆಯಿತ್ತರೆ ನಂಬಬೇಡಿ.

ವರದಿ ಕೈಗೆ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ: ವರದಿಗೂ ಚಿತ್ರಕ್ಕೂ ಹೊಂದಾಣಿಕೆಯಿದೆಯೇ? ವಿಕೃತ ಕಣಗಳಿವೆಯೇ? ತೆಗೆಸದಿದ್ದರೆ ಮುಂದಿನ ತಪಾಸಣೆ ಎಂದು? ಸಂಶಯ ಉಳಿದರೆ ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಪಡೆದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಎರಡನೆಯ ಅಭಿಪ್ರಾಯ ಪಡೆಯಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ; ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿರಿ.

ಕಾಯುವುದೆಂದರೆ ಮರೆಯುವುದಲ್ಲ. ಆರು ತಿಂಗಳೆಂದರೆ ಆರು ತಿಂಗಳೇ. ಸುಗ್ಗಿ ಮುಗಿಯಲಿ, ತೇರು ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ತಾಯಿ ಮುಂದೂಡುವಾಗ, ದಿನವನ್ನು ನೆನಪಿಟ್ಟು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮನೆಯ ಗಂಡಸರ ಕರ್ತವ್ಯ.