ಆಡುಸೋಗೆಯಿಂದ ಮೆಫ್ಟಾಲ್‌ವರೆಗೆ: ಒಂದು ಪುಟ್ಟ ಆಸಿಡ್‌ನ ಕಥೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದಿರೋ ನಮಗೆಲ್ಲ ಆಡುಸೋಗೆ ಕಷಾಯದ ಕಹಿ ಚೆನ್ನಾಗಿ ಗೊತ್ತು. ಹಾಸ್ಟೆಲ್‌ಗೆ ಬಂದಮೇಲೆ ಕೆಮ್ಮಿಗೆ ಆಂಬ್ರಾಕ್ಸಾಲ್ ಸಿರಪ್, ಹೊಟ್ಟೆನೋವು ಮೈಕೈ ನೋವಿಗೆ ಮೆಫ್ಟಾಲ್. ಈ ಮೂರರ ಹಿಂದೆಯೂ ಒಂದೇ ಚೌಕಟ್ಟಿದೆ: ಆಂಥ್ರಾನಿಲಿಕ್ ಆಸಿಡ್. ಕೆಮಿಸ್ಟ್ರಿ ಸೈಕಲ್ ಮುಗಿಸಿ ಆಯ್ತಲ್ಲ, ಮತ್ತೆ ಇದೆಲ್ಲ ಯಾಕೆ ಅಂತೀರಾ? ನಮ್ಮೂರಿನ ಜ್ವರದ ಕಾಲಕ್ಕೂ ಇದಕ್ಕೂ ನೇರ ಸಂಬಂಧ ಇದೆ, ಅದಕ್ಕೆ.

ಹೆಸರಲ್ಲೇ ನೀಲಿ

ಬೆಂಝೀನ್ ಉಂಗುರದ ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಒಂದಕ್ಕೆ ಅಮೈನೋ ಗುಂಪು, ಇನ್ನೊಂದಕ್ಕೆ ಕಾರ್ಬಾಕ್ಸಿಲ್ ಗುಂಪು. ಅಷ್ಟೇ ಈ ಅಣು. ಆಸ್ಪಿರಿನ್‌ನ ಮೂಲವಾದ ಸ್ಯಾಲಿಸಿಲಿಕ್ ಆಸಿಡ್‌ಗೆ ಇದು ದಾಯಾದಿ ಇದ್ದ ಹಾಗೆ. ಅಲ್ಲಿ ಹೈಡ್ರಾಕ್ಸಿಲ್ ಇರೋ ಜಾಗದಲ್ಲಿ ಇಲ್ಲಿ ಅಮೈನೋ ಇದೆ. 1841ರಲ್ಲಿ ಫ್ರಿಟ್ಷೆ ಎಂಬ ವಿಜ್ಞಾನಿ ಇಂಡಿಗೋ ಬಣ್ಣವನ್ನು ಕ್ಷಾರದ ಜೊತೆ ಕಾಯಿಸಿ ಇದನ್ನು ಪಡೆದರು. ಹೆಸರಿನ ಮಧ್ಯೆ ಇರೋ 'ಅನಿಲ್' ನಮ್ಮ 'ನೀಲಿ'ಯೇ. ಸಂಸ್ಕೃತದಿಂದ ಅರಬ್ಬಿಗೆ, ಅಲ್ಲಿಂದ ಪೋರ್ಚುಗೀಸಿಗೆ ಹೋದ ಪದ ಅದು. ಪಿಯುಸಿಯಲ್ಲಿ ಓದಿದ ಹಾಫ್‌ಮನ್ ಬ್ರೋಮಮೈಡ್ ರಿಯಾಕ್ಷನ್ ನೆನಪಿದ್ಯಾ? ಥಾಲಿಮೈಡ್‌ನಿಂದ ಇದನ್ನು ತಯಾರಿಸೋದು ಅದೇ ದಾರಿಯಲ್ಲಿ.

ಅಕ್ಕಪಕ್ಕದ ಲಾಭ

ಎರಡು ಗುಂಪುಗಳು ಪಕ್ಕಪಕ್ಕದಲ್ಲಿ ಇರೋದೇ ಇದರ ಶಕ್ತಿ. ಅಮೈನೋ ಎಲೆಕ್ಟ್ರಾನ್ ಕೊಡಲು ರೆಡಿ, ಕಾರ್ಬಾಕ್ಸಿಲ್‌ನ ಕಾರ್ಬನ್ ತಗೊಳ್ಳಲು ರೆಡಿ. ಫಾರ್ಮಮೈಡ್ ಜೊತೆ ಬಿಸಿ ಮಾಡಿದ್ರೆ ಎರಡೂ ಸೇರಿ ಅದನ್ನು ಹಿಡಿದು ಇನ್ನೊಂದು ಉಂಗುರ ಕಟ್ಟುತ್ತವೆ. ಸಿಗೋದು ಕ್ವಿನಾಜೊಲಿನೋನ್. ಇದು 1895ರ ನೀಮೆಂಟೋವ್ಸ್ಕಿ ವಿಧಾನ. ಈ ಕ್ವಿನಾಜೊಲಿನ್ ಚೌಕಟ್ಟು ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಜೆಫಿಟಿನಿಬ್‌ನಲ್ಲೂ ಇದೆ. ಉಂಗುರ ಕಟ್ಟದೆ, ಅಮೈನೋ ತುದಿಯಲ್ಲಿ ಬೇರೆ ಬೇರೆ ತುಂಡು ಇರೋ ಅಣುಗಳೂ ಔಷಧಿಗಳೇ: ದೇಹದ ನೀರಿಳಿಸುವ ಫ್ಯೂರೋಸಮೈಡ್, ನೋವಿನ ಮೆಫೆನಾಮಿಕ್ ಆಸಿಡ್. ಚೌಕಟ್ಟು ಹಾಗೇ ಇಟ್ಟು ತುಂಡು ಮಾತ್ರ ಬದಲಾಯಿಸ್ತಾ ಒಂದೊಂದನ್ನೂ ಪರೀಕ್ಷಿಸೋದು ಔಷಧಿ ಹುಡುಕುವ ಮುಖ್ಯ ದಾರಿಗಳಲ್ಲಿ ಒಂದು.

ಲ್ಯಾಬ್‌ಗಿಂತ ಮೊದಲೇ ಗಿಡ ಈ ಕೆಲಸ ಮಾಡಿತ್ತು. ಆಡುಸೋಗೆ ತನ್ನೊಳಗಿನ ಆಂಥ್ರಾನಿಲಿಕ್ ಆಸಿಡ್‌ನಿಂದ ವ್ಯಾಸಿಸಿನ್ ಎಂಬ ಕ್ವಿನಾಜೊಲಿನ್ ಅಣುವನ್ನು ಕಟ್ಟುತ್ತೆ. ಅದನ್ನು ಮಾದರಿಯಾಗಿ ಇಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಹುಟ್ಟಿತು. 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಬ್ರೋಮ್‌ಹೆಕ್ಸಿನ್ ನಮ್ಮ ದೇಹದಲ್ಲಿ ಆಂಬ್ರಾಕ್ಸಾಲ್ ಆಗಿ ಬದಲಾಗುತ್ತೆ. ಎರಡರ ಕೆಲಸವೂ ಕಫ ತೆಳು ಮಾಡೋದು.

ಮೆಫ್ಟಾಲ್ ಮತ್ತು ಮಂಗನ ಕಾಯಿಲೆ

ಮೆಫ್ಟಾಲ್‌ನ ಮೆಫೆನಾಮಿಕ್ ಆಸಿಡ್ 'ಕಾಕ್ಸ್' ಎಂಬ ಎಂಜೈಮನ್ನು ತಡೆದು ನೋವು ಇಳಿಸುತ್ತೆ. ಆದರೆ ಪ್ಲೇಟ್‌ಲೆಟ್‌ಗಳು ಒಟ್ಟಾಗಿ ರಕ್ತ ನಿಲ್ಲಿಸೋಕೆ, ಹೊಟ್ಟೆಯ ಒಳಪದರ ಕಾಪಾಡೋಕೆ ಕೂಡ ಕಾಕ್ಸ್ ಬೇಕು. ಆರೋಗ್ಯವಂತರಿಗೆ ಒಂದೆರಡು ಮಾತ್ರೆಯಿಂದ ಸಾಮಾನ್ಯವಾಗಿ ತೊಂದರೆ ಆಗಲ್ಲ. ನಮ್ಮ ಮಲೆನಾಡಿನ ಜ್ವರದಲ್ಲಿ ಲೆಕ್ಕ ಬೇರೆ.

ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಶುರುವಾಗಿ ಹಲವರ ಜೀವ ತೆಗೆಯಿತು. ಹೊಸನಗರ, ತೀರ್ಥಹಳ್ಳಿಗೂ ಇದು ಹೊಸದಲ್ಲ. ಉಣುಗು ಕಚ್ಚಿ ಬರೋ ಈ ರೋಗದ ಮೊದಲ ಲಕ್ಷಣ ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಆಮೇಲೆ ಪ್ಲೇಟ್‌ಲೆಟ್ ಇಳಿಯುತ್ತೆ, ಕೆಲವರಿಗೆ ರಕ್ತಸ್ರಾವ ಆಗುತ್ತೆ. ಮೈಕೈ ನೋವು ಅಂತ ನಾವೇ ಮೆಫ್ಟಾಲ್ ನುಂಗಿದ್ರೆ, ಉಳಿದಿರೋ ಪ್ಲೇಟ್‌ಲೆಟ್‌ಗಳ ಕೈಯನ್ನೂ ಕಟ್ಟಿಹಾಕಿದ ಹಾಗೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗೂ ಇದೇ ಮಾತು. ಡೆಂಗಿಯಲ್ಲೂ ಅಷ್ಟೇ.

ಮಂಗನ ಕಾಯಿಲೆ ವೈರಸ್‌ಗೆ ಅಂತಲೇ ಇರೋ ಮಾತ್ರೆ ಯಾವುದೂ ಇಲ್ಲ. ಜ್ವರಕ್ಕೆ ಡಾಕ್ಟರ್ ಕೊಡೋದು ಪ್ಯಾರಸಿಟಮಾಲ್. ಉಳಿದದ್ದು ಆಸ್ಪತ್ರೆಯ ನಿಗಾ. ಡಿಸೆಂಬರ್‌ನಿಂದ ಮೇವರೆಗೆ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ, ಮೆಡಿಕಲ್ ಶಾಪ್‌ಗೆ ಹೋಗೋ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ದರಗು ತರೋಕೆ ಕಾಡಿಗೆ ಹೋಗಿದ್ರೆ, ಹತ್ತಿರದಲ್ಲಿ ಮಂಗ ಸತ್ತಿದ್ರೆ, ಅದನ್ನೂ ಹೇಳಿ.