ಬಯೋಡೇಟಾದಲ್ಲಿ ಕೆಲಸ ಕಾಣಲಿ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮೆಷಿನ್ ಶಾಪ್‌ಗಳಿಗೆ ಬರುವ ಎಷ್ಟೋ ಬಯೋಡೇಟಾಗಳು ಒಂದೇ ಅಚ್ಚಿನಲ್ಲಿರುತ್ತವೆ: ಹೆಸರು, ವಿಳಾಸ, ಐಟಿಐ ಪಾಸಾದ ವರ್ಷ, ‘ಸಿಎನ್‌ಸಿ ಆಪರೇಟರ್, 5 ವರ್ಷ ಅನುಭವ’, ಕೊನೆಗೆ ‘ಕಷ್ಟಪಟ್ಟು ದುಡಿಯುತ್ತೇನೆ’ ಎಂಬ ಭರವಸೆ. ಯಂತ್ರವನ್ನು ಇವರ ಕೈಗೆ ಒಪ್ಪಿಸಿದರೆ ಎಲ್ಲಿಯವರೆಗೆ ನಿಭಾಯಿಸಬಲ್ಲರು? ಮಾಲೀಕರಿಗೆ ಬೇಕಾದ ಈ ಉತ್ತರ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಆಪರೇಟರೋ, ಸೆಟ್ಟರೋ?

ಜಾಬ್ ಕಟ್ಟಿ, ಸೈಕಲ್ ಸ್ಟಾರ್ಟ್ ಒತ್ತಿ, ಮುಗಿದ ಮೇಲೆ ಬಿಚ್ಚಿ ಅಳೆಯುವುದು ಆಪರೇಟರ್ ಕೆಲಸ. ಡ್ರಾಯಿಂಗ್ ಓದಿ, ಟೂಲ್ ಕಟ್ಟಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸನ್ನು ಅಳತೆಗೆ ತರುವುದು ಸೆಟ್ಟರ್ ಕೆಲಸ. ಪ್ರೋಗ್ರಾಂ ಬರೆಯುವುದು ಅದಕ್ಕೂ ಮೇಲಿನ ಮೆಟ್ಟಿಲು. ಸಣ್ಣ ಕಾರ್ಖಾನೆಗಳಲ್ಲಿ ಮೂರನ್ನೂ ಒಬ್ಬರೇ ಮಾಡುವುದುಂಟು. ಆದರೂ ಸಂಬಳದ ಚೀಟಿಯಲ್ಲಿ ‘ಆಪರೇಟರ್’ ಎಂದೇ ಇರಬಹುದು. ಬಯೋಡೇಟಾದಲ್ಲೂ ಅಷ್ಟನ್ನೇ ಬರೆದರೆ ನಮ್ಮ ಬೆಲೆಯನ್ನು ನಾವೇ ಇಳಿಸಿಕೊಂಡಂತೆ.

ಹುದ್ದೆಯ ಹೆಸರು ಚೀಟಿಯಲ್ಲಿದ್ದಂತೆಯೇ ಇರಲಿ. ಅದರ ಕೆಳಗೆ ಮಾಡಿದ ಕೆಲಸವನ್ನು ಬರೆಯಿರಿ. ಉದಾಹರಣೆಗೆ: ‘ಸಿಎನ್‌ಸಿ ಲೇತ್, ಫ್ಯಾನುಕ್ ಕಂಟ್ರೋಲ್. ಸ್ವಂತ ಸೆಟ್ಟಿಂಗ್. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಜಾಬ್‌ಗಳು. ಪ್ರೋಗ್ರಾಂನಲ್ಲಿ ಸಣ್ಣ ತಿದ್ದುಪಡಿ.’ ಎರಡೇ ಸಾಲಾದರೂ ಸೂಪರ್‌ವೈಸರ್‌ಗೆ ಇದರಿಂದ ಚಿತ್ರ ಸಿಗುತ್ತದೆ.

ಅಂಕಿಯ ಹಿಂದೆ ಕಾರಣವಿರಲಿ

ಅಂಕಿ ಬರೆದರೆ ತೂಕ ಬರುತ್ತದೆ, ಆದರೆ ಆ ಅಂಕಿಗೆ ಬರುವ ಪ್ರಶ್ನೆಗೆ ನೀವು ಉತ್ತರಿಸುವಂತಿರಬೇಕು. ‘0.01 ಮಿ.ಮೀ. ಟಾಲರೆನ್ಸ್ ಹಿಡಿಯುತ್ತಿದ್ದೆ’ ಎಂದವರು ‘ವರ್ನಿಯರ್‌ನಲ್ಲಿ ಅಳೆಯುತ್ತಿದ್ದೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಸಾಮಾನ್ಯ ವರ್ನಿಯರ್ ಕ್ಯಾಲಿಪರ್ ತೋರಿಸುವ ಅತಿ ಚಿಕ್ಕ ಅಳತೆಯೇ 0.02 ಮಿ.ಮೀ.; 0.01ಕ್ಕೆ ಕನಿಷ್ಠ ಮೈಕ್ರೋಮೀಟರ್ ಬೇಕು.

‘ರಿಜೆಕ್ಷನ್ ಕಡಿಮೆ ಮಾಡಿದೆ’ ಎಂಬುದೂ ಹಾಗೆಯೇ. ಚಿಪ್ ಸುತ್ತಿಕೊಂಡು ಜಾಬ್ ಮೇಲೆ ಗೆರೆ ಬೀಳುತ್ತಿತ್ತು, ಇನ್ಸರ್ಟ್ ಬದಲಿಸಿ ಫೀಡ್ ತಿದ್ದಿದ ಮೇಲೆ ನಿಂತಿತು ಎಂದು ತೊಂದರೆ, ಮಾಡಿದ ಕೆಲಸ, ಫಲ ಮೂರನ್ನೂ ಹೇಳಿ. ಹಲವರು ಸೇರಿ ಮಾಡಿದ್ದರೆ ಅದರಲ್ಲಿ ನಿಮ್ಮ ಪಾಲೆಷ್ಟೋ ಅಷ್ಟನ್ನೇ ಹೇಳಿ.

ಕಾಗದಪತ್ರ

1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆದಿದ್ದರೆ ಆ ಪ್ರಮಾಣಪತ್ರವನ್ನು ಐಟಿಐ ಪತ್ರದ ಜೊತೆಗೇ ಇಡಿ. ನಿಜವಾದ ಶಾಪ್‌ ಫ್ಲೋರ್‌ನಲ್ಲಿ ಕಲಿತದ್ದಕ್ಕೆ ಅದೇ ಸಾಕ್ಷಿ. ಶಾಲೆ ಬಿಟ್ಟು ಯಂತ್ರದ ಬಳಿಯಲ್ಲೇ ಕೆಲಸ ಕಲಿತವರಿಗೆ, ಈಗಾಗಲೇ ಇರುವ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಹಳೆಯ ಕಂಪನಿಯ ಅನುಭವ ಪತ್ರ ಸಿಗದಿದ್ದರೆ, ಪಿಎಫ್ ಖಾತೆಯ ಸೇವಾ ವಿವರದಲ್ಲಿ ಸೇರಿದ, ಬಿಟ್ಟ ದಿನಾಂಕಗಳನ್ನು ನೋಡಿ. ಅಲ್ಲಿ ತಪ್ಪಿದ್ದರೆ ಮೊದಲೇ ತಿದ್ದಿಸಿಕೊಳ್ಳಿ.

ಹಳೆಯ ಕಂಪನಿಯ ಡ್ರಾಯಿಂಗ್, ಪಾರ್ಟ್‌ಗಳ ಫೋಟೊಗಳನ್ನು ಮಾತ್ರ ಅನುಮತಿಯಿಲ್ಲದೆ ತೋರಿಸಬೇಡಿ. ನೋಡಿದವರು ಮೆಚ್ಚುವ ಬದಲು, ನಾಳೆ ನಮ್ಮದನ್ನೂ ಹೀಗೆಯೇ ಹೊರಗೆ ಒಯ್ಯುತ್ತಾರೆ ಎಂದುಕೊಳ್ಳುತ್ತಾರೆ.

ಟೆಸ್ಟ್ ಮತ್ತು ಸಂಬಳ

ಯಂತ್ರದ ಮುಂದೆ ನಿಲ್ಲಿಸಿ ಟ್ರೇಡ್ ಟೆಸ್ಟ್ ಮಾಡಿದರೆ ಆತುರಪಡಬೇಡಿ. ಮೊದಲು ಡ್ರಾಯಿಂಗ್ ಪೂರ್ತಿ ಓದಿ, ಮೆಟೀರಿಯಲ್ ಯಾವುದೆಂದು ಕೇಳಿ, ಅಳೆಯುವ ಮುನ್ನ ಮೈಕ್ರೋಮೀಟರ್‌ನ ಸೊನ್ನೆ ಸರಿಯಿದೆಯೇ ನೋಡಿ. ಪಳಗಿದ ಕೈ ಎಂಬುದು ಈ ನಡವಳಿಕೆಯಲ್ಲೇ ಗೊತ್ತಾಗುತ್ತದೆ.

ಸಂಬಳದ ಮಾತು ಬಂದಾಗ, ಹೇಳಿದ ಮೊತ್ತ ಸಿಟಿಸಿಯೋ ಕೈಗೆ ಬರುವುದೋ ಎಂದು ಕೇಳಿ. ಸಾಮಾನ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 12ರಷ್ಟು ನಿಮ್ಮ ಪಾಲಿನ ಪಿಎಫ್ ಆಗಿ ಕಡಿತವಾಗುತ್ತದೆ. ಹೆಚ್ಚು ಕೇಳುವುದಾದರೆ ‘ಖರ್ಚು ಜಾಸ್ತಿಯಾಗಿದೆ’ ಎನ್ನಬೇಡಿ, ‘ಸೆಟ್ಟಿಂಗ್‌ಗೆ ಬೇರೆಯವರನ್ನು ಕಾಯಬೇಕಿಲ್ಲ’ ಎನ್ನಿ.

ಬಯೋಡೇಟಾ ಟೈಪ್ ಮಾಡಿಸುವ ಮೊದಲು, ಕಳೆದ ವಾರ ನಿಮ್ಮ ಕೈಯಿಂದ ಆದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬೇರೆಯವರನ್ನು ಕೇಳದೆ ನೀವೇ ಮಾಡಿದವುಗಳಿಗೆ ಗುರುತು ಹಾಕಿ. ಬಯೋಡೇಟಾದಲ್ಲಿ ಮೊದಲು ಬರಬೇಕಾದದ್ದು ಅವೇ.